12 ರೂಪಾಯಿಯ ಪೆನ್ನು, 42 ಸಾವಿರದ ಪೆನ್ನು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ. ಲೇಖಕರು 2004ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡದವರು, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಂಘಟಕರು ಫೋನ್ ಮಾಡಿದಾಗ, "ಮಕ್ಕಳಿಗೆ ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳಿ, ಸ್ಫೂರ್ತಿ ಬರಲಿ" ಎಂದರು. ನಾನೂ ಆಗಲಿ ಎಂದೆ. ಆಮೇಲೆ ಯೋಚಿಸಿದಾಗ, ನಾನು ಹೇಳಬಹುದಾದದ್ದನ್ನೆಲ್ಲ ಈ ಮಕ್ಕಳು ಮೊಬೈಲಿನಲ್ಲಿ ಆಗಲೇ ನೋಡಿರುತ್ತಾರೆ ಅನ್ನಿಸಿತು. ಅದಕ್ಕೇ ಇಂದು ಬೇರೆ ವಿಷಯ ತಂದಿದ್ದೇನೆ. ಇದರಲ್ಲಿ ನಾನು ಹದಿನೈದು ವರ್ಷ ದುಡ್ಡು ಕಳೆದಿದ್ದೇನೆ, ಹಾಗಾಗಿ ಸ್ವಲ್ಪ ಅಧಿಕಾರದಿಂದ ಮಾತಾಡಬಲ್ಲೆ. ವಿಷಯ ಇಂಕ್ ಪೆನ್ನು.

ನನ್ನ ಹತ್ತಿರ 41 ಇಂಕ್ ಪೆನ್ನುಗಳಿದ್ದವು. ಈಗ 38 ಇವೆ. ಉಳಿದ ಮೂರು ಏನಾದವು ಎನ್ನುವುದನ್ನು ಕೊನೆಗೆ ಹೇಳುತ್ತೇನೆ.

ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದ್ದು 2001ರ ಜೂನ್ ತಿಂಗಳಲ್ಲಿ. ಏಳನೆಯ ತರಗತಿಯವರೆಗೂ ನಮಗೆ ಬಾಲ್ ಪೆನ್ನು. ಇಲ್ಲಿ ಮೊದಲ ವಾರವೇ ಕನ್ನಡ ಮೇಷ್ಟ್ರು, "ಇನ್ನು ಮೇಲೆ ಕಾಪಿ ಬರೆಯೋದು ಇಂಕ್ ಪೆನ್ನಲ್ಲಿ" ಎಂದುಬಿಟ್ಟರು. ಆ ವಾರದ ಸಂತೆಯಲ್ಲಿ ಅಪ್ಪ 12 ರೂಪಾಯಿ ಕೊಟ್ಟು ಒಂದು ಪೆನ್ನು ತಂದರು. ಜೊತೆಗೆ ಒಂದು ಶೀಷೆ ಇಂಕು, ಒಂದು ಫಿಲ್ಲರ್. ಪೆನ್ನಿನ ಮೈ ಕೆಂಪು, ಮುಚ್ಚಳ ಹಳದಿ. ಅದು ಬರೆಯುತ್ತಿರಲಿಲ್ಲ, ಗೀಚುತ್ತಿತ್ತು. ನಾಲ್ಕು ಅಕ್ಷರ ಬರೆದರೆ ಐದನೆಯದಕ್ಕೆ ಮಸಿ ಇಳಿಯುತ್ತಿರಲಿಲ್ಲ. ಕೊಡವಿದರೆ ಮುಂದಿನ ಬೆಂಚಿನವನ ಅಂಗಿಯ ಬೆನ್ನಿಗೆ ಬೀಳುತ್ತಿತ್ತು. ಆ ಬೆನ್ನಿನ ಮಾಲೀಕ ಈಗ ಗ್ರಾಮ ಪಂಚಾಯಿತಿ ಸದಸ್ಯ, ಇಲ್ಲೇ ಕೂತಿದ್ದಾನೆ. ಎಲ್ಲರ ಎದುರಿಗೆ ಕ್ಷಮೆ ಕೇಳುತ್ತೇನೆ.

ನನ್ನ ಬೆಂಚಿನಲ್ಲೇ ಇದ್ದ ಇನ್ನೊಬ್ಬನ ಹತ್ತಿರ ಹೀರೋ ಪೆನ್ನಿತ್ತು. ಚೀನಾದ ಶಾಂಘೈಯಿಂದ ಬಂದದ್ದು, ಮುಚ್ಚಳ ಚಿನ್ನದ ಬಣ್ಣದ್ದು. ನಿಬ್ಬು ಆಮೆಯ ತಲೆಯ ಹಾಗೆ ಚಿಪ್ಪಿನೊಳಗೆ ಅಡಗಿ, ತುದಿ ಮಾತ್ರ ಕಾಣುತ್ತಿತ್ತು. ಅಮೆರಿಕದಲ್ಲಿ 1941ರಲ್ಲಿ ಬಂದ ಪಾರ್ಕರ್ 51 ಎಂಬ ಪೆನ್ನಿನ ರೂಪ ಅದು ಎಂದು ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ಮೇಲೆ. ಆಗ ಗೊತ್ತಿದ್ದದ್ದು ಒಂದೇ, ಅವನದು ದುಬಾರಿ ಪೆನ್ನು, ಅದಕ್ಕೇ ಚೆನ್ನಾಗಿ ಬರೆಯುತ್ತದೆ. ನನ್ನದು ಅಗ್ಗದ ಪೆನ್ನು, ಅದಕ್ಕೇ ಬರೆಯುವುದಿಲ್ಲ.

ಒಂದು ದಿನ ಮೇಷ್ಟ್ರು ನನ್ನ ಕಾಪಿ ಪುಸ್ತಕ ನೋಡಿ, ನನ್ನನ್ನು ಬೈಯದೆ, "ಪೆನ್ನು ತಾ" ಎಂದರು. ಕಿಟಕಿಯ ಬೆಳಕಿಗೆ ನಿಬ್ಬನ್ನು ಹಿಡಿದು ನೋಡಿದರು. "ಎರಡು ಕಾಲೂ ಒಂದೇ ಸಮ ಇಲ್ಲ ನೋಡು" ಎಂದು ತೋರಿಸಿದರು. ಹೆಬ್ಬೆರಳ ಉಗುರಿನ ಮೇಲೆ ಇಟ್ಟು ಮೆಲ್ಲಗೆ ಒತ್ತಿದರು. ಅರ್ಧ ಬ್ಲೇಡನ್ನು ನಿಬ್ಬಿನ ಸೀಳಿನಲ್ಲಿ ಒಂದು ಸಲ ಎಳೆದರು. ಹಳೆಯ ಪುಸ್ತಕದ ರಟ್ಟಿನ ಮೇಲೆ ಎಂಟು, ಎಂಟು, ಎಂಟು ಎಂದು ಐವತ್ತು ಸಲ ಸುತ್ತಿಸಿದರು. ಆಮೇಲೆ ಬರೆದು ನೋಡಿದರೆ ಅದು ಬೇರೆಯದೇ ಪೆನ್ನು.

"ಪೆನ್ನು ಕೆಟ್ಟಿಲ್ಲ ಕಣೋ. ಕೂಡಿಸಿದವನಿಗೆ ಅವಸರ ಇತ್ತು, ಅಷ್ಟೇ" ಎಂದರು.

ಆ ಪೆನ್ನಿನಲ್ಲೇ ಮೂರು ವರ್ಷ ಬರೆದೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದದ್ದೂ ಅದರಲ್ಲೇ. ಪೆನ್ನಿನ ಬೆಲೆ ಬೇರೆ, ಬರವಣಿಗೆ ಬೇರೆ ಎನ್ನುವ ಪಾಠ ನನಗೆ 13ನೇ ವಯಸ್ಸಿಗೇ ಪುಕ್ಕಟೆಯಾಗಿ ಸಿಕ್ಕಿತ್ತು. ಅದನ್ನು ಮರೆತು ಮತ್ತೆ ಕಲಿಯಲು ನಾನು ಕೊಟ್ಟ ಶುಲ್ಕದ ಕಥೆಯೇ ಇವತ್ತಿನ ಭಾಷಣ.

2010ರಲ್ಲಿ ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದೆ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ, ಅಪ್ಪನಿಗೆ ವಾಚು, ನನಗೆ ಒಂದು ಹೀರೋ ಪೆನ್ನು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ದಿನವಿಡೀ ಕೀಬೋರ್ಡು ಕುಟ್ಟುವವನಿಗೆ ಸಂಜೆ ಒಂದು ಪುಟ ಕೈಯಲ್ಲಿ ಬರೆಯುವುದು ಹಿತವಾಗಿತ್ತು. ಆ ಹಿತಕ್ಕೆ ಒಂದು ಪೆನ್ನು ಸಾಕಿತ್ತು. ಆದರೆ ಜಪಾನಿನದು ಹೇಗಿರುತ್ತದೆ, ಜರ್ಮನಿಯದು ಹೇಗಿರುತ್ತದೆ, ಚಿನ್ನದ ನಿಬ್ಬು ಹೇಗಿರುತ್ತದೆ ಎಂದು ಒಂದೊಂದೇ ಮನೆ ಸೇರಿದವು. ಕೆಲವು ನನ್ನ ಹೆಂಡತಿಗೆ ಗೊತ್ತಿದ್ದವು, ಕೆಲವು ಗೊತ್ತಿರಲಿಲ್ಲ. ಒಂದು ರಾತ್ರಿ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಕೂಡಿಸಿದೆ. 2 ಲಕ್ಷ 36 ಸಾವಿರ. ಆ ಫೈಲಿಗೆ ಪಾಸ್‌ವರ್ಡ್ ಹಾಕಿದೆ. ತಪ್ಪು ಮಾಡುತ್ತಿದ್ದೇನೆ ಎಂದು ನನಗೇ ಗೊತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಪೆನ್ನಿಗೆ ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ? ಮಕ್ಕಳಿಗೆ ಮೊದಲು ಪೆನ್ನು ಹೇಗೆ ಬರೆಯುತ್ತದೆ ಎಂದು ಹೇಳುತ್ತೇನೆ.

ದೀಪದ ಬತ್ತಿ ನೋಡಿದ್ದೀರಿ. ಎಣ್ಣೆ ತಾನಾಗಿ ಬತ್ತಿಯಲ್ಲಿ ಮೇಲೇರುತ್ತದೆ. ಬಹಳ ಸಣ್ಣ ಸಂದಿನಲ್ಲಿ ದ್ರವ ತಾನೇ ಹರಿಯುತ್ತದೆ, ಇದನ್ನು ವಿಜ್ಞಾನದಲ್ಲಿ ಲೋಮನಾಳ ಕ್ರಿಯೆ ಎನ್ನುತ್ತಾರೆ. ನಿಬ್ಬಿನ ಸೀಳು ಆ ಸಂದು. ಸೀಳು ತುದಿಗೆ ಹೋಗುತ್ತಾ ಕಿರಿದಾಗಬೇಕು, ಆಗ ಮಸಿ ತುದಿಗೆ ಬಂದು ನಿಲ್ಲುತ್ತದೆ, ಕಾಗದ ಮುಟ್ಟಿದ ಕೂಡಲೇ ಇಳಿಯುತ್ತದೆ. ಇನ್ನೊಂದು ವಿಷಯ ನಿಮ್ಮ ಅಮ್ಮಂದಿರಿಗೆ ಗೊತ್ತು. ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ. ಎದುರಿಗೆ ಇನ್ನೊಂದು ತೂತು ಬೇಕು, ಗಾಳಿ ಒಳಗೆ ಹೋಗಲು. ಪೆನ್ನಿನಲ್ಲೂ ಹಾಗೆಯೇ. ಮಸಿ ಹೊರಗೆ ಬಂದಷ್ಟು ಗಾಳಿ ಒಳಗೆ ಹೋಗಬೇಕು. ಈ ಎರಡು ಕೆಲಸವನ್ನೂ ಮಾಡುವುದು ನಿಬ್ಬಿನ ಕೆಳಗಿರುವ ಕಪ್ಪು ತುಂಡು. ನಾವು ಅದನ್ನು ನಾಲಗೆ ಎನ್ನುತ್ತಿದ್ದೆವು. ಅದರಲ್ಲಿ ಕೂದಲೆಳೆಯಂಥ ಕಾಲುವೆಗಳಿವೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಥ ನಾಲಗೆಗೇ. ಅದರ ಮೈಮೇಲಿನ ಗೆರೆಗಳು ಹೆಚ್ಚಾದ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತವೆ.

ಫಿಲ್ಲರಿನಲ್ಲಿ ತುಂಬುವ ಪೆನ್ನು ಮಸಿ ಮುಗಿಯುತ್ತಾ ಬಂದಾಗಲೇ ಕಕ್ಕುವುದು ಏಕೆ ಎಂದು ನಾವೆಲ್ಲ ತಲೆ ಕೆಡಿಸಿಕೊಂಡಿದ್ದೆವು. ಕಾರಣ ಸುಲಭ. ಒಳಗೆ ಮಸಿ ಕಡಿಮೆಯಾದಷ್ಟೂ ಗಾಳಿ ಜಾಸ್ತಿ. ನಮ್ಮ ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಮಸಿಯನ್ನು ಹೊರಗೆ ತಳ್ಳುತ್ತದೆ. ಕಾಲು ಭಾಗ ಉಳಿದಿರುವಾಗಲೇ ತುಂಬಿಕೊಂಡರೆ ಈ ತೊಂದರೆ ಇಲ್ಲ. ಇದಕ್ಕೆ ಪೈಸೆ ಖರ್ಚಿಲ್ಲ.

ಈಗ ಬೆಲೆಗೆ ಬರೋಣ. ಬಹಳ ಅಗ್ಗದ ನಿಬ್ಬಿನಲ್ಲಿ ಉಕ್ಕಿನ ತಗಡಿನ ತುದಿಯನ್ನೇ ಮಡಿಸಿ ಗುಂಡಗೆ ಮಾಡಿರುತ್ತಾರೆ. ಅದು ಬೇಗ ಸವೆಯುತ್ತದೆ. ಸ್ವಲ್ಪ ಹೆಚ್ಚು ಬೆಲೆಯದರಲ್ಲಿ ತುದಿಗೆ ಬೇರೆ ಗಟ್ಟಿ ಲೋಹದ ಚಿಕ್ಕ ಗುಂಡು ಬೆಸೆದಿರುತ್ತಾರೆ. ನಿಬ್ಬಿನ ಮೇಲೆ ಇರಿಡಿಯಂ ಪಾಯಿಂಟ್ ಎಂದು ಬರೆದಿರುವುದು ಇದನ್ನೇ. ಈಗಿನ ತುದಿಗಳಲ್ಲಿ ಇರಿಡಿಯಂ ಇಲ್ಲ ಎನ್ನುವಷ್ಟು ಕಡಿಮೆ. ಬೇರೆ ಗಟ್ಟಿ ಲೋಹಗಳ ಮಿಶ್ರಣ ಇರುತ್ತದೆ. ಹೆಸರು ಉಳಿದುಕೊಂಡಿದೆ. ಈ ತುದಿ ಸಿಕ್ಕಿದರೆ ವರ್ಷಗಟ್ಟಲೆ ಬರೆಯಬಹುದು. ಅಂದರೆ ಬೆಲೆಯ ಮೊದಲ ಮೆಟ್ಟಿಲಿಗೆ ಕೊಟ್ಟ ದುಡ್ಡು ನಿಜವಾಗಿ ಬರವಣಿಗೆಗೆ ಹೋಗುತ್ತದೆ.

ಇನ್ನು ಚಿನ್ನದ ನಿಬ್ಬು. ಹಿಂದಿನ ಕಾಲದ ಶಾಯಿಗಳಲ್ಲಿ ಆಮ್ಲದ ಅಂಶ ಜಾಸ್ತಿ, ಉಕ್ಕು ತುಕ್ಕು ಹಿಡಿಯುತ್ತಿತ್ತು. ಚಿನ್ನಕ್ಕೆ ಆ ಭಯವಿಲ್ಲ, ಅದಕ್ಕೇ ಚಿನ್ನ ಬಂತು. ಈಗಿನ ಸಾಧಾರಣ ಶಾಯಿ ಸೌಮ್ಯ, ಉಕ್ಕೂ ತುಕ್ಕು ಹಿಡಿಯದ ಉಕ್ಕು. ಚಿನ್ನ ಮೆತ್ತಗಿನ ಲೋಹವಾದ್ದರಿಂದ ಅದಕ್ಕೂ ತುದಿಯಲ್ಲಿ ಅದೇ ಗಟ್ಟಿ ಗುಂಡನ್ನೇ ಬೆಸೆಯಬೇಕು. ಅಂದರೆ ಕಾಗದವನ್ನು ಮುಟ್ಟುವುದು ಚಿನ್ನ ಅಲ್ಲವೇ ಅಲ್ಲ! ಸಾಮಾನ್ಯ ಗಾತ್ರದ ನಿಬ್ಬು ಒಂದು ಗ್ರಾಮಿಗಿಂತ ಹಗುರ, ಅದರಲ್ಲೂ 14 ಕ್ಯಾರೆಟ್ ಎಂದರೆ ನೂರಕ್ಕೆ 58ರಷ್ಟು ಮಾತ್ರ ಚಿನ್ನ. ಕೆಲವು ಚಿನ್ನದ ನಿಬ್ಬುಗಳಲ್ಲಿ ಸ್ವಲ್ಪ ಬಳುಕು ಇರುತ್ತದೆ, ಆ ಸುಖ ನಿಜ. ಆದರೆ ಅದು ಸುಖ, ಅಗತ್ಯ ಅಲ್ಲ.

ಇನ್ನೊಂದು ಗುಟ್ಟು. ಜರ್ಮನಿಯಲ್ಲಿ ಬಾಕ್ ಮತ್ತು ಯೋವೊ ಎಂಬ ಎರಡು ಕಂಪನಿಗಳಿವೆ. ಇವು ನಿಬ್ಬು ಮಾಡಿ ಪ್ರಪಂಚದ ಎಷ್ಟೋ ಪೆನ್ನು ಕಂಪನಿಗಳಿಗೆ ಕೊಡುತ್ತವೆ. ಹಾಗಾಗಿ ಕೆಲವು ಸಾವಿರದ ಪೆನ್ನಿನಲ್ಲೂ ಅದರ ನಾಲ್ಕೈದು ಪಟ್ಟು ಬೆಲೆಯ ಪೆನ್ನಿನಲ್ಲೂ ಒಂದೇ ಕಾರ್ಖಾನೆಯ ಉಕ್ಕಿನ ನಿಬ್ಬು ಇರಬಹುದು. ಮೇಲಿನ ದುಡ್ಡು ಮೈಗೆ, ಹೊಳಪಿಗೆ, ಹೆಸರಿಗೆ. ಮೋಂಟ್ ಬ್ಲಾಂಕ್ 149 ಎಂಬ ಪ್ರಸಿದ್ಧ ಪೆನ್ನಿನ ಬೆಲೆ ಈಗ ಲಕ್ಷ ರೂಪಾಯಿಯ ಆಸುಪಾಸು. ಅದರ ನಿಬ್ಬಿನ ಮೇಲೆ 4810 ಎಂದು ಕೆತ್ತಿರುತ್ತಾರೆ, ಅದು ಯೂರೋಪಿನ ಆ ಹೆಸರಿನ ಪರ್ವತದ ಎತ್ತರ, ಮೀಟರುಗಳಲ್ಲಿ. ಸುಂದರವಾದ ಪೆನ್ನು. ನಾನು ಕೊಂಡಿಲ್ಲ, ಗೆಳೆಯನದರಲ್ಲಿ ಬರೆದಿದ್ದೇನೆ. ಆದರೆ ಪರ್ವತದ ಎತ್ತರಕ್ಕೂ ನನ್ನ ಅಕ್ಷರಕ್ಕೂ ಸಂಬಂಧವಿಲ್ಲ.

ನಮ್ಮ ದೇಶದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಆಂಧ್ರದ ರಾಜಮಹೇಂದ್ರಿಯಲ್ಲಿ ಕೆ.ವಿ. ರತ್ನಂ ಅವರು ಗಾಂಧೀಜಿಯ ಸ್ವದೇಶಿ ಮಾತಿನಿಂದ ಪ್ರೇರಿತರಾಗಿ 1932ರಲ್ಲಿ ಪೆನ್ನು ಮಾಡಲು ತೊಡಗಿದರು. ಅವರು ಕಳಿಸಿದ ಪೆನ್ನಿನಲ್ಲಿ ಬರೆದು ಗಾಂಧೀಜಿ 1935ರಲ್ಲಿ ಮೆಚ್ಚುಗೆಯ ಕಾಗದ ಬರೆದರು. ತಮಿಳುನಾಡಿನ ಸಾತ್ತೂರು ಒಂದು ಕಾಲಕ್ಕೆ ನಿಬ್ಬಿಗೆ ಹೆಸರಾಗಿತ್ತು. ನಾವು ಶಾಲೆಯಲ್ಲಿ ಬಳಸಿದ ಬ್ರಿಲ್ ಇಂಕು ನಮ್ಮ ಬೆಂಗಳೂರಿನದೇ. ರಾಜಮಹೇಂದ್ರಿಯಲ್ಲೂ ಚೆನ್ನೈ ಹತ್ತಿರದ ತಿರುವಳ್ಳೂರಿನಲ್ಲೂ ಎಬೊನೈಟ್ ಎಂಬ ಗಟ್ಟಿ ರಬ್ಬರಿನಲ್ಲಿ ಈಗಲೂ ಕೈಯಿಂದ ಕಡೆದು ಪೆನ್ನು ಮಾಡುತ್ತಾರೆ.

ಈಗ ಕನ್ನಡದ ಮಾತು. ಪೆನ್ನು ಕೊಳ್ಳುವಾಗ ಎಲ್ಲರೂ ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಸಹಿ ಹಾಕಿ ನೋಡುತ್ತಾರೆ. ಸಹಿಯಲ್ಲಿ ಯಾವ ಪೆನ್ನೂ ಸೋಲುವುದಿಲ್ಲ. ನಮ್ಮ ಲಿಪಿ ಗುಂಡು. 'ಠ' ಬರೆಯುವಾಗ ನಿಬ್ಬು ಕೆಳಗೆ, ಪಕ್ಕಕ್ಕೆ, ಮೇಲಕ್ಕೆ ಎಲ್ಲ ದಿಕ್ಕಿಗೂ ತಿರುಗಬೇಕು. ಕೆಳಗೆ ಎಳೆಯುವಾಗ ನುಣುಪಾಗಿರುವ ನಿಬ್ಬು ಮೇಲಕ್ಕೆ ತಳ್ಳುವಾಗ ಕಾಗದ ಕೆರೆಯಬಹುದು. ಜೊತೆಗೆ ಒತ್ತಕ್ಷರ. ನಿಬ್ಬು ದಪ್ಪಗಿದ್ದರೆ ಒತ್ತಿನ ಹೊಟ್ಟೆ ಮಸಿಯಿಂದ ತುಂಬಿ ಯಾವ ಒತ್ತು ಎಂದೇ ತಿಳಿಯುವುದಿಲ್ಲ. ಜಪಾನಿನ ಸಣ್ಣ ನಿಬ್ಬು ಯೂರೋಪಿನ ಸಣ್ಣ ನಿಬ್ಬಿಗಿಂತ ಇನ್ನೂ ಸಣ್ಣ, ಏಕೆಂದರೆ ಅವರ ಅಕ್ಷರಗಳಲ್ಲೂ ಇಕ್ಕಟ್ಟಾದ ಗೆರೆಗಳು ಬಹಳ. ನಮ್ಮ ಒತ್ತಕ್ಷರಕ್ಕೂ ಅದು ಹೊಂದುತ್ತದೆ. ನಾನು ಅಂಗಡಿಯಲ್ಲಿ ಬರೆಯುವ ವಾಕ್ಯ ಇದು: "ಅಜ್ಜಿ ಹಟ್ಟಿಯ ಕಟ್ಟೆಯ ಮೇಲೆ ಕೂತು ಬೆಲ್ಲದುಂಡೆ ಕಟ್ಟಿದಳು." ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಎರಡು ವರ್ಷದ ಹಿಂದೆ ಒಂದು ಪರೀಕ್ಷೆ ಇಟ್ಟೆ. ಬೇರೆ ಬೇರೆ ಬೆಲೆಯ 12 ಪೆನ್ನು, ಒಂದೇ ಇಂಕು, ಅಂಗಡಿಯ ಸಾಧಾರಣ ನೋಟ್‌ಬುಕ್ಕು. ಐದು ವಿಷಯ, ತಲಾ 10 ಅಂಕ: ರಾತ್ರಿಯಿಡೀ ಮುಚ್ಚಿಟ್ಟು ಬೆಳಿಗ್ಗೆ ಬರೆದರೆ ಮೊದಲ ಗೆರೆಗೇ ಮಸಿ ಬರುತ್ತದೆಯೇ; ಮುಚ್ಚಳ ತೆಗೆದು ಐದು ನಿಮಿಷ ಬಿಟ್ಟರೆ ಬರೆಯುತ್ತದೆಯೇ; ಅಜ್ಜಿಯ ವಾಕ್ಯ ನುಣುಪಾಗಿ ಬರುತ್ತದೆಯೇ; ಕಾಗದದ ಹಿಂದಕ್ಕೆ ಮಸಿ ಇಳಿಯುತ್ತದೆಯೇ; ಒಂದು ಗಂಟೆ ಬರೆದರೆ ಬೆರಳು ನೋಯುತ್ತದೆಯೇ. ನನಗೆ ಬೆಲೆಯ ಮೋಹ ಇರುತ್ತದೆ ಎಂದು, ನುಣುಪಿನ ಅಂಕವನ್ನು ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಹೆಂಡತಿಯೇ ಪೆನ್ನು ಕೈಗೆ ಕೊಟ್ಟು ಬರೆಸಿದಳು. ಅಷ್ಟು ಹೊತ್ತಿಗೆ ಪಾಸ್‌ವರ್ಡಿನ ಕಥೆ ಅವಳಿಗೆ ಗೊತ್ತಾಗಿತ್ತು, ಹಾಗಾಗಿ ಬಟ್ಟೆಯನ್ನು ಸ್ವಲ್ಪ ಬಿಗಿಯಾಗಿಯೇ ಕಟ್ಟಿದಳು.

ಫಲಿತಾಂಶ ಹೀಗೆ ಬಂತು. ನೂರು ರೂಪಾಯಿಯೊಳಗಿನ ಪೆನ್ನುಗಳು ಅಂಗಡಿಯಿಂದ ತಂದಂತೆಯೇ ಬರೆದಾಗ 50ಕ್ಕೆ 25ರ ಸುತ್ತ. ಅವನ್ನೇ ತೊಳೆದು, ನಿಬ್ಬು ಸರಿಮಾಡಿ ಬರೆದಾಗ 35. ಸುಮಾರು 400 ರೂಪಾಯಿಯ ಜಪಾನಿನ ಪ್ಲಾಟಿನಂ ಪ್ರೆಪ್ಪಿ 41. ಅದರ ಮುಚ್ಚಳ ಎಷ್ಟು ಭದ್ರ ಎಂದರೆ ತಿಂಗಳುಗಟ್ಟಲೆ ಬಿಟ್ಟರೂ ಮಸಿ ಒಣಗದು. ಮೂರು ಸಾವಿರದ ಹತ್ತಿರದ ಜರ್ಮನಿಯ ಲ್ಯಾಮಿ ಸಫಾರಿ 42. ಹದಿನೈದು ಸಾವಿರದ ಒಂದು ಚಿನ್ನದ ನಿಬ್ಬು 44. ಅಂದರೆ 400ರಿಂದ 15 ಸಾವಿರಕ್ಕೆ ಹೋದರೆ ನನಗೆ ಸಿಕ್ಕಿದ್ದು ಮೂರು ಅಂಕ. ಇದು ನನ್ನ ಕೈ, ನನ್ನ ಅಕ್ಷರಕ್ಕೆ ಬಂದ ಲೆಕ್ಕ. ನಿಮ್ಮ ಕೈಗೆ ಒಂದೆರಡು ಅಂಕ ಆಚೀಚೆ ಆಗಬಹುದು.

ನನ್ನ ಹತ್ತಿರ ಇದ್ದ ಎಲ್ಲಕ್ಕಿಂತ ದುಬಾರಿ ಪೆನ್ನು 42 ಸಾವಿರದ್ದು. ಹೆಸರು ಬೇಡ. ಅದಕ್ಕೆ ಬಂದದ್ದು 36. ಬಟ್ಟೆ ಕಟ್ಟಿಕೊಂಡು ಬರೆದಾಗ ನಾನು ಅದನ್ನು 100 ರೂಪಾಯಿಯ ಪೆನ್ನು ಎಂದೆ.

ಈ ಪೆನ್ನಿನ ಬಗ್ಗೆ ಇನ್ನೊಂದು ಮಾತಿದೆ. ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ಅದನ್ನು ಕೊಂಡದ್ದು 2019ರ ಏಪ್ರಿಲ್‌ನಲ್ಲಿ. ಕೊಂಡು ನಾಲ್ಕು ದಿನವಾಗಿತ್ತು, ಅಪ್ಪ ಫೋನ್ ಮಾಡಿದರು. "ಮಗಾ, ಬೋರಿನ ಮೋಟ್ರು ಸುಟ್ಟೋಗದೆ. ಮೇಲೆತ್ತಿಸಬೇಕು, ರಿವೈಂಡಿಂಗು, ಕೇಬಲ್ಲೂ ಹೋಗದೆ. ಎಲ್ಲಾ ಸೇರಿ ಮೂವತ್ತು ಸಾವಿರ ಆದದು. ಇದ್ರೆ ಕಳಿಸ್ತೀಯಾ?" ಎಂದರು. ಅಪ್ಪ ನನ್ನನ್ನು ದುಡ್ಡು ಕೇಳುವವರಲ್ಲ. ನಾನು, "ಈ ತಿಂಗಳು ಕಷ್ಟ ಅಪ್ಪ, ಮುಂದಿನ ತಿಂಗಳು ನೋಡ್ತೀನಿ" ಎಂದೆ. "ಆಗಲಿ ಬುಡು" ಎಂದರು. ಮುಂದಿನ ತಿಂಗಳು ನಾನು ಕೇಳಿದಾಗ "ಆಯ್ತು, ಮಾಡಿಸ್ದೆ" ಎಂದಷ್ಟೇ ಹೇಳಿದರು. ಹೇಗೆ ಎಂದು ನಾನು ಕೇಳಲಿಲ್ಲ. ಒಂದು ಕಡಸು ಮಾರಿದ್ದರು ಎಂದು ಆಮೇಲೆ ಅಕ್ಕ ಹೇಳಿದಳು.

ಅದೇ ವರ್ಷ ದಸರಾ ರಜೆಗೆ ಅಪ್ಪ ಬೆಂಗಳೂರಿಗೆ ಬಂದರು. ಅವರು ಹಾಲಿನ ಡೈರಿಯಲ್ಲಿ ಕಾರ್ಯದರ್ಶಿಯಾಗಿದ್ದವರು, ಇಲ್ಲಿರುವ ಎಷ್ಟೋ ಮನೆಗಳ ಲೀಟರು, ಫ್ಯಾಟು ಬರೆದವರು. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. "ಎಷ್ಟು ಇದು?" ಎಂದರು. ನಾನು "ನಾನೂರು" ಎಂದೆ. ಪೇಪರಿನ ಅಂಚಿನಲ್ಲಿ ತಮ್ಮ ಹೆಸರು ಬರೆಯಲು ಹೋದರು. ಮಸಿ ಬರಲಿಲ್ಲ. ಇನ್ನೊಮ್ಮೆ ಎಳೆದರು, ಬರಲಿಲ್ಲ. ಮೂರನೆಯ ಸಲಕ್ಕೆ ಬಂತು. ಪೆನ್ನನ್ನು ಕೆಳಗಿಟ್ಟು, "ನಾನೂರು ಕೊಟ್ಯಾ ಇದಕ್ಕೆ? ವಾಪಸ್ ಕೊಟ್ಟು ಬಾ" ಎಂದರು.

ಆ ಮಾತಿಗೆ ನಾನು ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಅಪ್ಪ ಬರೆಯುವುದು ಬಾಲ್ ಪೆನ್ನಿನಲ್ಲಿ. ಇಂಕ್ ಪೆನ್ನು ಏಕೆ ಬಳಸಲಿಲ್ಲ ಎಂದು ಆ ಸಲ ಕೇಳಿದೆ. "ಡೈರೀಲಿ ಕೈ ಯಾವಾಗಲೂ ಒದ್ದೆ. ಒಂದು ತೊಟ್ಟು ಬಿದ್ರೆ ಲೆಕ್ಕ ಅಳಿಸಿ ಹೋಯ್ತದೆ. ಜನ ಸುಮ್ನೆ ಬಿಟ್ಟಾರಾ?" ಎಂದರು. 41 ಪೆನ್ನು ಕೊಂಡರೂ ನಾನು ಕೇಳಿಕೊಳ್ಳದ ಪ್ರಶ್ನೆ ಅದು. ಈ ಪೆನ್ನಿನಿಂದ ಏನು ಬರೆಯಬೇಕು, ಎಲ್ಲಿ ಕೂತು ಬರೆಯಬೇಕು? ಒದ್ದೆ ಕೈಗೆ, ಕಾರ್ಬನ್ ಹಾಳೆಗೆ, ಬ್ಯಾಂಕಿನ ಚಲನ್ನಿಗೆ ಬಾಲ್ ಪೆನ್ನೇ ಸರಿ. ಕೂತು ಪುಟಗಟ್ಟಲೆ ಬರೆಯುವವನಿಗೆ ಇಂಕ್ ಪೆನ್ನು ಹಿತ, ಏಕೆಂದರೆ ಅದನ್ನು ಒತ್ತಬೇಕಾಗಿಲ್ಲ, ಮುಟ್ಟಿಸಿದರೆ ಸಾಕು. ಕೆಲಸ ಗೊತ್ತಾದ ಮೇಲೆ ಬೆಲೆ ನೋಡಬೇಕು. ನಾನು ಬೆಲೆ ನೋಡಿ ಕೊಂಡು ಆಮೇಲೆ ಕೆಲಸ ಹುಡುಕುತ್ತಿದ್ದೆ.

ಮಕ್ಕಳಿಗೂ ಶಿಕ್ಷಕರಿಗೂ ನಾನು ಕಲಿತದ್ದನ್ನು ಚುಟುಕಾಗಿ ಹೇಳುತ್ತೇನೆ. ನೂರರಿಂದ ಐನೂರು ರೂಪಾಯಿಯೊಳಗೆ ಜೀವಮಾನಕ್ಕೆ ಸಾಕಾಗುವ ಪೆನ್ನು ಸಿಗುತ್ತದೆ. ಕೊಳ್ಳುವಾಗ ನಿಬ್ಬನ್ನು ಬೆಳಕಿಗೆ ಹಿಡಿದು ಎರಡು ಕಾಲೂ ಸಮ ಇವೆಯೇ ನೋಡಿ. ಒತ್ತಕ್ಷರ ಇರುವ ಕನ್ನಡ ವಾಕ್ಯ ಬರೆದು ನೋಡಿ. ಹೊಸ ಪೆನ್ನನ್ನು ತಣ್ಣೀರಿನಲ್ಲಿ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದು, ಆಮೇಲೆ ಬರೀ ನೀರಿನಲ್ಲಿ ಜಾಲಿಸಿ. ಕಾರ್ಖಾನೆಯ ಎಣ್ಣೆಯ ಜಿಡ್ಡು ಹೋದರೆ ಅರ್ಧ ಪೆನ್ನುಗಳು ತಾವೇ ಬರೆಯುತ್ತವೆ. ತಿಂಗಳಿಗೊಮ್ಮೆ ತೊಳೆಯಿರಿ, ಬಿಸಿನೀರು ಬೇಡ. ಒಂದು ಇಂಕಿಗೆ ಇನ್ನೊಂದನ್ನು ಬೆರೆಸಬೇಡಿ. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಹಾಕಲೇಬೇಡಿ, ಅದು ಒಳಗೆ ಅರಗಿನಂತೆ ಗಟ್ಟಿಯಾಗಿ ಕೂರುತ್ತದೆ. ಮಸಿ ಹಿಂದಕ್ಕೆ ಇಳಿದರೆ ಪೆನ್ನನ್ನು ಬೈಯುವ ಮೊದಲು ಕಾಗದ ಬದಲಿಸಿ ನೋಡಿ.

ಈಗ ಆ ಮೂರು ಪೆನ್ನುಗಳ ವಿಷಯ. 42 ಸಾವಿರದ್ದನ್ನು ಇನ್ನೆರಡರ ಜೊತೆ ಕಳೆದ ತಿಂಗಳು ಮಾರಿದೆ. ಹಳೆಯ ಪೆನ್ನಿಗೆ ಕೊಂಡ ಬೆಲೆ ಬರುವುದಿಲ್ಲ. ಮೂರಕ್ಕೂ ಸೇರಿ 39 ಸಾವಿರ ಬಂತು. ಅದರಲ್ಲಿ 19 ಸಾವಿರಕ್ಕೆ ನಮ್ಮ ದೇಶದಲ್ಲೇ ಮಾಡಿದ, ತಲಾ 150 ರೂಪಾಯಿಯ 80 ಪೆನ್ನು, 40 ಶೀಷೆ ಇಂಕು, ಒಳ್ಳೆಯ ಕಾಗದದ ಕಾಪಿ ಪುಸ್ತಕಗಳು, ರಿಪೇರಿಗೆ ಒಂದು ಭೂತಗನ್ನಡಿ, ತೆಳುವಾದ ಹಿತ್ತಾಳೆ ತಗಡು, ನುಣ್ಣನೆಯ ಉಜ್ಜುವ ಹಾಳೆ ತಂದಿದ್ದೇನೆ. 80 ಪೆನ್ನನ್ನೂ ಮನೆಯಲ್ಲಿ ತೊಳೆದು ಬರೆದು ನೋಡಿದೆ. 17 ಸರಿಯಾಗಿ ಬರೆಯಲಿಲ್ಲ. ಅದರಲ್ಲಿ 15 ನನ್ನ ಕೈಯಲ್ಲೇ ಸರಿಯಾದವು, ಎರಡನ್ನು ಅಂಗಡಿಯವರು ಬದಲಿಸಿಕೊಟ್ಟರು. ಕೂಡಿಸಿದವರಿಗೆ ಅವಸರ ಇತ್ತು, ಅಷ್ಟೇ.

ಶಾಲೆಯ ಶಿಕ್ಷಕರೊಬ್ಬರು ನನ್ನನ್ನು ನೇರವಾಗಿ ಕೇಳಿದರು: "ಈ ಕಾಲದಲ್ಲಿ ಇಂಕ್ ಪೆನ್ನು ಏಕೆ? ಅಂಗಿ ಹಾಳು, ಬೆಂಚು ಹಾಳು, ಸಮಯ ಹಾಳು." ನ್ಯಾಯವಾದ ಪ್ರಶ್ನೆ. ಇಂಕ್ ಪೆನ್ನಿನಿಂದ ಅಂಕ ಹೆಚ್ಚು ಬರುತ್ತದೆ ಎಂದು ನಾನು ಹೇಳಲಾರೆ. ಯಾರಿಗೂ ಕಡ್ಡಾಯ ಮಾಡಬೇಡಿ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇನೆ, ಅವರೂ ಒಪ್ಪಿದ್ದಾರೆ. ನಾನು ಕೊಡುವ ಕಾರಣ ಒಂದೇ. ಕೆಟ್ಟರೆ ಬಿಸಾಡುವ ವಸ್ತುಗಳೇ ಈ ಮಕ್ಕಳ ಸುತ್ತ ತುಂಬಿವೆ. ಬಿಚ್ಚಿ, ಏನು ಕೆಟ್ಟಿದೆ ಎಂದು ನೋಡಿ, ಸರಿಮಾಡಿ, ಮತ್ತೆ ಬಳಸಬಹುದಾದ ಒಂದು ವಸ್ತು ಅವರ ಜೇಬಿನಲ್ಲಿರಲಿ. ನನ್ನ ಸಾಫ್ಟ್‌ವೇರ್ ಕೆಲಸವೂ ಅಷ್ಟೇ, ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು. ಅದನ್ನು ನನಗೆ ಮೊದಲು ತೋರಿಸಿದ್ದು ಆ ಕಿಟಕಿಯ ಪಕ್ಕದಲ್ಲಿ ಅರ್ಧ ಬ್ಲೇಡು ಹಿಡಿದು ನಿಂತ ಮೇಷ್ಟ್ರು.

ಉಳಿದ 20 ಸಾವಿರ ಅಪ್ಪನದು. ಈ ಕಥೆಯನ್ನೆಲ್ಲ ನಿನ್ನೆ ರಾತ್ರಿ ಊಟ ಆದ ಮೇಲೆ ಅವರಿಗೆ ಹೇಳಿದೆ. ನಿಮ್ಮೆದುರು ಹೇಳುವ ಮೊದಲು ಅವರಿಗೆ ಹೇಳಬೇಕಿತ್ತು. ಪೆನ್ನಿನ ಬೆಲೆ 42 ಸಾವಿರ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೋಟ್ರು ಸುಟ್ಟಿದ್ದ ವರ್ಷವಾ?" ಎಂದರು. ಹೌದು ಎಂದೆ. ಮತ್ತೇನೂ ಅನ್ನಲಿಲ್ಲ. 20 ಸಾವಿರ ಕೈಗೆ ಕೊಟ್ಟೆ. ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ. ಎಣಿಸಿ ಪೆಟ್ಟಿಗೆಯಲ್ಲಿಟ್ಟು, "ಇನ್ನು ಹತ್ತು ಬಾಕಿ" ಎಂದರು. ಡೈರಿಯ ಲೆಕ್ಕದಲ್ಲಿ ಅವರು ಎಂದೂ ತಪ್ಪಿದವರಲ್ಲ.

ಕೊನೆಯದಾಗಿ ಒಂದು ಬಿನ್ನಹ. ನಿಮ್ಮ ಮನೆಯ ಟ್ರಂಕಿನಲ್ಲಿ, ಗೋಡೆಯ ಗೂಡಿನಲ್ಲಿ, ತೀರಿಕೊಂಡ ಹಿರಿಯರ ಕೋಟಿನ ಜೇಬಿನಲ್ಲಿ ಹಳೆಯ ಪೆನ್ನುಗಳು ಇದ್ದೇ ಇರುತ್ತವೆ. ಕೆಟ್ಟಿವೆ ಎಂದು ಬಿಟ್ಟಿರುತ್ತೀರಿ. ಇವತ್ತು ಮಧ್ಯಾಹ್ನ ಊಟದ ನಂತರ ಸಂಜೆ ಐದರವರೆಗೆ ನಾನು ಶಾಲೆಯ ಹೊಂಗೆ ಮರದ ಕೆಳಗೆ ಒಂದು ಬಕೆಟ್ ನೀರು ಇಟ್ಟುಕೊಂಡು ಕೂತಿರುತ್ತೇನೆ. ತನ್ನಿ. ರಿಪೇರಿ ಕಲಿಯಬೇಕು ಅನ್ನುವ ಮಕ್ಕಳೂ ಬನ್ನಿ. ಮೂರು ತಿಂಗಳಿಗೊಮ್ಮೆ ಊರಿಗೆ ಬಂದಾಗ ಹೀಗೇ ಕೂರಬೇಕೆಂದಿದ್ದೇನೆ.



(ಮುದ್ರಣಕ್ಕೆ ಕೊಡುವಾಗ ಸೇರಿಸಿದ ಮಾತು: ಅಂದು ಸಂಜೆ ಹೊಂಗೆ ಮರದ ಕೆಳಗೆ 23 ಪೆನ್ನುಗಳು ಬಂದವು. 19 ಬರೆದವು. ನಾಲ್ಕನ್ನು ಬೆಂಗಳೂರಿಗೆ ತಂದಿದ್ದೇನೆ. ಎರಡಕ್ಕೆ ಹೊಸ ನಿಬ್ಬು ಸಿಕ್ಕಿದೆ. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಕೊನೆಯ ಆರು ಪೆನ್ನುಗಳನ್ನು ತಾವೇ ಸರಿಮಾಡಿದರು. ಭೂತಗನ್ನಡಿಯ ಪೆಟ್ಟಿಗೆ ಈಗ ಅವರ ಸುಪರ್ದಿಯಲ್ಲಿದೆ.)